ಪ್ರಾಜೆಕ್ಟ್ ಬೇರೆ ಕಂಪ್ಯೂಟರಿನಲ್ಲೂ ಓಡಬೇಕು

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ವೈವಾ ಮುಗಿದು, ಗಟ್ಟಿ ರಟ್ಟು ಹಾಕಿಸಿ ಬಂಗಾರದ ಬಣ್ಣದಲ್ಲಿ ಶೀರ್ಷಿಕೆ ಅಚ್ಚು ಹಾಕಿಸಿದ ವರದಿಗಳು ವಿಭಾಗದ ಬೀರುಗಳನ್ನು ಸೇರುತ್ತಿರುವ ದಿನಗಳಿವು. ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿರುವ ನಾನು ಅಂಥ ನೂರಾರು ವರದಿಗಳಿಗೆ ರುಜು ಹಾಕಿದ್ದೇನೆ. ಅವುಗಳಲ್ಲಿ ವರ್ಣಿಸಿರುವ ಪ್ರೋಗ್ರಾಮುಗಳ ಪೈಕಿ ಎಷ್ಟನ್ನು ಈಗ ಓಡಿಸಿ ತೋರಿಸಬಲ್ಲಿರಿ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಈ ಸ್ಥಿತಿಗೆ ವಿದ್ಯಾರ್ಥಿಗಳ ಸೋಮಾರಿತನ ಕಾರಣವೆಂದು ಬಹುಕಾಲ ನಂಬಿದ್ದೆ. ಕಳೆದ ವರ್ಷದ ಒಂದು ಅನುಭವದ ನಂತರ ಆ ನಂಬಿಕೆ ಹೋಯಿತು, ಅದಕ್ಕಾಗಿಯೇ ಈ ಪತ್ರ.

ಮೂರು ವರ್ಷಗಳ ಹಿಂದೆ ನಮ್ಮ ನಾಲ್ವರು ವಿದ್ಯಾರ್ಥಿಗಳು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದ ಮೂಲಕ ಆ ಚಿತ್ರಗಳನ್ನು ಯೂನಿಕೋಡ್ ಪಠ್ಯವನ್ನಾಗಿಸಿ, ಅದರಲ್ಲಿ ಉಳಿಯುವ ತಪ್ಪುಗಳನ್ನು ತಿದ್ದುವ ಪ್ರೋಗ್ರಾಮೊಂದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರು. ಕೆಲಸ ನಿಜಕ್ಕೂ ಚೆನ್ನಾಗಿತ್ತು, ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರೂ ಮೆಚ್ಚಿದ್ದರು. ಕಳೆದ ವರ್ಷ ಇನ್ನೊಂದು ತಂಡ ಅದನ್ನೇ ಮುಂದುವರಿಸುವುದಾಗಿ ಹೇಳಿತು. ವರದಿಯ ಹಿಂಬದಿಗೆ ಅಂಟಿಸಿದ್ದ ಸಿ.ಡಿ.ಯನ್ನು ಓದುವ ಡ್ರೈವ್ ಹುಡುಕುವುದರಲ್ಲಿ ಒಂದು ದಿನ ಹೋಯಿತು. ಪ್ರೋಗ್ರಾಮು ಕೇಳುವ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳನ್ನು, ಒಂದೊಂದಾಗಿ ಇನ್‌ಸ್ಟಾಲ್ ಮಾಡುವುದರಲ್ಲಿ ಎರಡು ವಾರ ಹೋಯಿತು. ಕೊನೆಗೂ ಅದು ಓಡಿತು, ಆದರೆ ಹಳೆಯ ವರದಿಯಲ್ಲಿ ಮಾದರಿಯಾಗಿ ಕೊಟ್ಟಿದ್ದ ಅದೇ ಪುಟಕ್ಕೆ ಬೇರೆಯೇ ಪಠ್ಯ ಬಂತು. ಒತ್ತಕ್ಷರಗಳು ಹಿಂದೆ ಸರಿಯಾಗಿದ್ದ ಕಡೆ ತಪ್ಪಾಗಿದ್ದವು, ತಪ್ಪಾಗಿದ್ದ ಕೆಲವು ಕಡೆ ಸರಿಯಾಗಿದ್ದವು. ವರದಿಯ ಕೊನೆಯ ಕೋಷ್ಟಕದಲ್ಲಿದ್ದ ನಿಖರತೆಯ ಅಂಕಿಯ ಹತ್ತಿರಕ್ಕೂ ನಾವು ಬರಲಿಲ್ಲ. ಪ್ರಯೋಗಾಲಯದ ಹಳೆಯ ಯಂತ್ರವನ್ನು ಅಷ್ಟರಲ್ಲಿ ಫಾರ್ಮ್ಯಾಟ್ ಮಾಡಲಾಗಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದರೆ, ‘ಸರ್, ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು’ ಎಂದ. ಆ ಲ್ಯಾಪ್‌ಟಾಪನ್ನು ಅವನು ಮಾರಿ ವರ್ಷವಾಗಿತ್ತು.

ಆ ಹುಡುಗರು ಏನನ್ನೂ ಬಚ್ಚಿಟ್ಟಿರಲಿಲ್ಲ. ಪೈಥಾನ್ ಪದ್ಧತಿಯಂತೆ ಬೇಕಾದ ಪ್ಯಾಕೇಜುಗಳ ಪಟ್ಟಿಯನ್ನು ಆವೃತ್ತಿಸಂಖ್ಯೆಗಳ ಸಮೇತ ಒಂದು ಕಡತದಲ್ಲಿ ಬರೆದಿಟ್ಟಿದ್ದರು. ಆದರೆ ಆ ಪಟ್ಟಿಯಲ್ಲಿದ್ದ ಪೈಟೆಸರಾಕ್ಟ್ ಎಂಬುದು ಹೊಸ್ತಿಲಲ್ಲಿ ನಿಂತು ಒಳಗಿರುವವರನ್ನು ಕೂಗುವ ಆಳು ಮಾತ್ರ. ನಿಜವಾದ ಓದುವ ಕೆಲಸ ಮಾಡುವ ಟೆಸರಾಕ್ಟ್ ಪೈಥಾನಿನ ಹೊರಗಿದೆ, ಅದು ನೆಚ್ಚಿಕೊಂಡಿರುವ ಲೆಪ್ಟಾನಿಕಾ ಎಂಬ ಚಿತ್ರಸಂಸ್ಕರಣೆಯ ಲೈಬ್ರರಿಯೂ ಹೊರಗಿದೆ, ಆದ್ದರಿಂದ ಎರಡರ ಆವೃತ್ತಿಯೂ ಪಟ್ಟಿಯಲ್ಲಿ ಇರಲಿಲ್ಲ. ಟೆಸರಾಕ್ಟಿನ 4ನೇ ಆವೃತ್ತಿ 2018ರಲ್ಲಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಆಧಾರಿತ ಹೊಸ ವಿಧಾನದೊಂದಿಗೆ ಬಂತು, 5ನೆಯದು 2021ರಲ್ಲಿ ಬಂತು. ಇದು ಸಾಲದೆಂಬಂತೆ, ಕನ್ನಡ ಓದಲು ಅದಕ್ಕೆ ಬೇಕಾಗುವ ತರಬೇತಿ ಕಡತ ಮೂರು ಬಗೆಯಲ್ಲಿ ಸಿಗುತ್ತದೆ: ಸಾಮಾನ್ಯವಾದದ್ದು, ವೇಗದ್ದು ಮತ್ತು ಅತ್ಯುತ್ತಮವೆಂದು ಕರೆಯುವಂಥದ್ದು. ಮೂರಕ್ಕೂ ಕಡತದ ಹೆಸರು ಒಂದೇ. ಯಾವುದನ್ನು ಎಲ್ಲಿಂದ ತಂದು ಹಾಕಿಕೊಂಡಿದ್ದೆವು ಎಂಬುದು ಆ ವಿದ್ಯಾರ್ಥಿಗೆ ನೆನಪಿರಲಿಲ್ಲ. ಎರಡು ವರ್ಷದ ನಂತರ ನನಗೂ ನೆನಪಿರುತ್ತಿರಲಿಲ್ಲ.

ಇದು ವಿದ್ಯಾರ್ಥಿಗಳಿಗೆ ಮಾತ್ರ ಅಂಟಿದ ತೊಂದರೆಯೂ ಅಲ್ಲ. 2018ರ ಆಗಸ್ಟಿನಲ್ಲಿ ಲಿನಕ್ಸ್ ವ್ಯವಸ್ಥೆಗಳ ತಳದಲ್ಲಿರುವ ಜಿಲಿಬ್‌ಸಿ ಲೈಬ್ರರಿಯ 2.28ನೇ ಆವೃತ್ತಿ ಬಂದಾಗ, ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮಗಳು ಅದರಲ್ಲಿ ಬದಲಾಗಿದ್ದವು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ (ಡೇಟಾಬೇಸ್) ತಂತ್ರಾಂಶ, ದಾಖಲೆಗಳನ್ನು ಬೇಗ ಹುಡುಕಲು ಬಳಸುವ ತನ್ನ ಸೂಚಿಗಳನ್ನು (ಇಂಡೆಕ್ಸ್) ಆ ನಿಯಮಗಳನ್ನೇ ನಂಬಿ ಕಟ್ಟಿಕೊಂಡಿರುತ್ತದೆ. ಹಾಗಾಗಿ ದತ್ತಸಂಚಯವನ್ನು ಮುಟ್ಟದೆ ಕೆಳಗಿನ ಆಪರೇಟಿಂಗ್ ಸಿಸ್ಟಮ್ಮನ್ನಷ್ಟೇ ಮೇಲ್ದರ್ಜೆಗೇರಿಸಿದವರಿಗೆ, ಇದ್ದ ದಾಖಲೆಯೇ ಹುಡುಕಿದಾಗ ಇಲ್ಲವೆಂದು ಹೇಳುವ ಸೂಚಿಗಳು ಎದುರಾದವು. ಅನುಭವಸ್ಥ ಎಂಜಿನಿಯರುಗಳೇ ಇದರಲ್ಲಿ ಎಡವಿದರು. ನಾವು ಬರೆದ ಪ್ರೋಗ್ರಾಮು ನಮ್ಮ ಕಣ್ಣಿಗೆ ಬೀಳದ ಎಷ್ಟು ವಸ್ತುಗಳ ಮೇಲೆ ನಿಂತಿರುತ್ತದೆ ಎಂಬುದು ಅವುಗಳಲ್ಲೊಂದು ಅಲುಗಿದಾಗ ಮಾತ್ರ ಗೊತ್ತಾಗುತ್ತದೆ.

ಈ ಸಮಸ್ಯೆಗೆ ಇಂದು ಸಾಮಾನ್ಯವಾಗಿ ಸೂಚಿಸುವ ಮದ್ದು ಡಾಕರ್. ಓಡುತ್ತಿರುವ ವ್ಯವಸ್ಥೆಯನ್ನು ಇಡಿಯಾಗಿ ಒಂದು ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ಆ ಪೆಟ್ಟಿಗೆಯನ್ನೇ ಬೇರೆ ಕಡೆ ತೆರೆಯುವ ಈ ವಿಧಾನ 2013ರಿಂದ ಬಳಕೆಯಲ್ಲಿದೆ, ನಮ್ಮ ವಿದ್ಯಾರ್ಥಿಗಳಿಗೂ ಗೊತ್ತು. ಇದನ್ನು ನಾನು ಹೀಗಳೆಯುವುದಿಲ್ಲ. ಆದರೆ ಇದು ಉಪ್ಪಿನಕಾಯಿಯ ಜಾಡಿಯನ್ನು ಕೊಟ್ಟಂತಾಗುತ್ತದೆ, ಹಾಕುವ ಕ್ರಮವನ್ನು ತಿಳಿಸಿದಂತೆ ಆಗುವುದಿಲ್ಲ. ಜಾಡಿ ಉಳಿದಿರುವವರೆಗೆ ರುಚಿ ಅದೇ; ಅದು ಕಳೆದುಹೋದರೆ, ಪೆಟ್ಟಿಗೆ ಕಟ್ಟಲು ಬರೆದ ಸೂಚನೆಯಲ್ಲಿ ಬಹುಪಾಲು ಇರುವುದು ‘ಭಂಡಾರದಿಂದ ಟೆಸರಾಕ್ಟನ್ನು ಇನ್‌ಸ್ಟಾಲ್ ಮಾಡು’ ಎಂಬ ಸಾಲು ಮಾತ್ರ. ಆ ಸಾಲು ಮೂರು ವರ್ಷದ ಹಿಂದೆ ತಂದುಕೊಟ್ಟದ್ದನ್ನೇ ಇಂದೂ ತಂದುಕೊಡುತ್ತದೆ ಎಂಬ ಭರವಸೆ ಯಾರೂ ಕೊಟ್ಟಿಲ್ಲ.

ಕ್ರಮವನ್ನೇ ನಿಖರವಾಗಿ ಬರೆದಿಡುವ ದಾರಿಯೊಂದನ್ನು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ ಅವರು 2003ರ ಸುಮಾರಿಗೇ ಕಟ್ಟಲು ಆರಂಭಿಸಿ, 2006ರಲ್ಲಿ ಅದರ ಮೇಲೆ ಪಿಎಚ್.ಡಿ. ಪ್ರಬಂಧ ಬರೆದರು. ಅದರ ಹೆಸರು ನಿಕ್ಸ್. ತಂತ್ರಾಂಶಗಳನ್ನು ತಂದು ಇನ್‌ಸ್ಟಾಲ್ ಮಾಡಿಕೊಡುವ ಸಾಧನಕ್ಕೆ ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ; ಇದನ್ನು ಫಂಕ್ಷನಲ್ ಪ್ಯಾಕೇಜ್ ಮ್ಯಾನೇಜರ್ ಎನ್ನುವುದಕ್ಕೆ ಕಾರಣ ಸರಳವಾಗಿದೆ. ಗಣಿತದಲ್ಲಿ ಒಂದು ಫಂಕ್ಷನ್‌ಗೆ ಅದೇ ಬೆಲೆಗಳನ್ನು ಕೊಟ್ಟರೆ ಎಂದು ಕೊಟ್ಟರೂ, ಯಾರು ಕೊಟ್ಟರೂ ಅದೇ ಉತ್ತರ ಬರಬೇಕು. ಒಂದು ತಂತ್ರಾಂಶವನ್ನು ಕಟ್ಟುವುದೂ ಅಂಥ ಫಂಕ್ಷನ್ನೇ ಆಗಲಿ ಎಂದರು ಡೋಲ್‌ಸ್ಟ್ರಾ: ಮೂಲ ಸಂಕೇತ (ಸೋರ್ಸ್ ಕೋಡ್), ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಬೇಕಾದ ಪ್ರತಿಯೊಂದು ಲೈಬ್ರರಿ, ಕಟ್ಟುವ ಸೂಚನೆಗಳು ಇವೆಲ್ಲ ಒಳಗೆ ಹೋಗುವ ಬೆಲೆಗಳು, ಸಿದ್ಧವಾಗಿ ಹೊರಬರುವ ಪ್ಯಾಕೇಜು ಉತ್ತರ. ಹೇಳದೆ ಉಳಿದ ಯಾವುದೂ ಉತ್ತರದ ಮೇಲೆ ಪ್ರಭಾವ ಬೀರಬಾರದು. ಇದನ್ನು ಖಾತ್ರಿ ಮಾಡಲು ನಿಕ್ಸ್ ಪ್ರತಿ ಪ್ಯಾಕೇಜನ್ನೂ ಮುಚ್ಚಿದ ಕೋಣೆಯೊಳಗೆ ಕಟ್ಟುತ್ತದೆ. ಅಲ್ಲಿ ಇಂಟರ್ನೆಟ್ ಸಂಪರ್ಕವಿಲ್ಲ, ಬಳಕೆದಾರನ ಕಡತಗಳು ಕಾಣುವುದಿಲ್ಲ, ಪಟ್ಟಿಯಲ್ಲಿ ಹೇಳದ ಲೈಬ್ರರಿ ಕೈಗೆ ಸಿಗುವುದಿಲ್ಲ. ಹೊರಗಿನಿಂದ ತರಬೇಕಾದ ಮೂಲ ಸಂಕೇತವೊಂದಿದ್ದರೆ ಅದರ ಹ್ಯಾಶನ್ನು, ಅಂದರೆ ಅದರ ಒಳವಸ್ತುವಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತನ್ನು, ಮೊದಲೇ ಬರೆದಿಟ್ಟಿರಬೇಕು, ತಂದದ್ದು ಅದಕ್ಕೆ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಿದ್ಧವಾದ ಕಡತಗಳ ಮೇಲಿನ ದಿನಾಂಕವನ್ನೂ ನಿಕ್ಸ್ ಅಳಿಸಿ, ಎಲ್ಲಕ್ಕೂ 1970ರ ಜನವರಿ 1ರ ಮೊದಲ ಸೆಕೆಂಡನ್ನೇ ಹಾಕುತ್ತದೆ.

ಹೀಗೆ ಕಟ್ಟಿದ್ದನ್ನು ಇಡುವ ಬಗೆಯೂ ವಿಶಿಷ್ಟವಾದುದು. ಸಾಮಾನ್ಯ ಲಿನಕ್ಸ್‌ನಲ್ಲಿ ಎಲ್ಲ ಲೈಬ್ರರಿಗಳೂ ಒಂದೇ ಅಟ್ಟದ ಮೇಲೆ ಸೇರುತ್ತವೆ, ಅದೇ ಹೆಸರಿನ ಹೊಸದು ಬಂದರೆ ಹಳೆಯದನ್ನು ಕೆಳಗಿಳಿಸುತ್ತದೆ. ಮದುವೆಮನೆಗೆ ಕೊಡುವ ಪಾತ್ರೆಗಳು ಅದಲುಬದಲಾಗದಿರಲಿ ಎಂದು ನಮ್ಮ ಹಿರಿಯರು ಅವುಗಳ ಮೇಲೆ ಹೆಸರು ಕೆತ್ತಿಸುತ್ತಿದ್ದರು. ನಿಕ್ಸ್ ಮಾಡುವುದೂ ಅದನ್ನೇ. ಪ್ರತಿ ಪ್ಯಾಕೇಜಿನ ಕೋಶದ (ಫೋಲ್ಡರ್) ಹೆಸರಿಗೆ ಮೊದಲು 32 ಅಕ್ಷರಗಳ ಒಂದು ಹ್ಯಾಶ್ ಇರುತ್ತದೆ, ಅದನ್ನು ಒಳಹೋದ ಎಲ್ಲ ಬೆಲೆಗಳಿಂದ ಲೆಕ್ಕ ಹಾಕಿರುತ್ತದೆ. ಲೆಪ್ಟಾನಿಕಾದಲ್ಲಿ ಒಂದು ಸಾಲು ಬದಲಾದರೂ ಅದನ್ನು ನೆಚ್ಚಿದ ಟೆಸರಾಕ್ಟಿನ ಹ್ಯಾಶ್ ಬೇರೆಯಾಗುತ್ತದೆ, ಅದು ಬೇರೆ ಕೋಶದಲ್ಲಿ ಕೂರುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ. ಹಾಗಾಗಿ 4ನೇ ಮತ್ತು 5ನೇ ಆವೃತ್ತಿಗಳು ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಬಾಳುತ್ತವೆ. (ಈ 32 ಅಕ್ಷರಗಳನ್ನು ಆರಿಸಿಕೊಳ್ಳುವ ಇಂಗ್ಲಿಷ್ ವರ್ಣಮಾಲೆಯಿಂದ ಇ, ಓ, ಯು, ಟಿ ಎಂಬ ನಾಲ್ಕನ್ನು ಕೈಬಿಡಲಾಗಿದೆ, ಆಕಸ್ಮಿಕವಾಗಿ ಬೈಗುಳದ ಪದ ಮೂಡದಿರಲಿ ಎಂಬುದು ಕಾರಣ. ತರಗತಿಯಲ್ಲಿ ಹ್ಯಾಶ್ ಬಗ್ಗೆ ನಾನು ಹೇಳಿದ್ದರಲ್ಲಿ ವಿದ್ಯಾರ್ಥಿಗಳು ಮರೆಯದೆ ನೆನಪಿಟ್ಟುಕೊಂಡಿರುವುದು ಇದೊಂದನ್ನೇ.)

ಪ್ರಾಜೆಕ್ಟ್ ಮಾಡುವವರಿಗೆ ಇದರಿಂದ ಸಿಗುವುದು ಎರಡು ಚಿಕ್ಕ ಕಡತಗಳು. ಮೊದಲನೆಯದರಲ್ಲಿ ತಮಗೆ ಏನೇನು ಬೇಕೆಂದು ಅವರೇ ಬರೆಯುತ್ತಾರೆ: ಪೈಥಾನ್, ಅದರ ಇಂತಿಂಥ ಲೈಬ್ರರಿಗಳು, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳ ಸಮೇತ ಟೆಸರಾಕ್ಟ್. ಎರಡನೆಯದು ಬೀಗದ ಕಡತ. ಒಂದು ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳಿರುವ ನಿಕ್ಸ್‌ಪ್ಯಾಕೇಜಸ್ ಸಂಗ್ರಹದ ಯಾವ ದಿನದ ಯಾವ ಸ್ಥಿತಿಯನ್ನು ತಾವು ಬಳಸಿದೆವು ಎಂಬುದನ್ನು ತಂತ್ರಾಂಶವೇ ಅದರಲ್ಲಿ ದಾಖಲಿಸುತ್ತದೆ. ಈ ಎರಡು ಕಡತಗಳಿರುವ ಕೋಶಕ್ಕೆ ಹೋಗಿ ಒಂದು ಆದೇಶ ಕೊಟ್ಟರೆ, ಪೈಥಾನಿನಿಂದ ಹಿಡಿದು ತಳದ ಜಿಲಿಬ್‌ಸಿಯವರೆಗೆ ಅದೇ ಆವೃತ್ತಿಗಳುಳ್ಳ ಕೆಲಸದ ಕೋಣೆಯೊಂದು ಬೇರೆ ಯಂತ್ರದಲ್ಲೂ ತೆರೆದುಕೊಳ್ಳುತ್ತದೆ. ಹೊರಬಂದರೆ ಯಂತ್ರ ಮೊದಲಿದ್ದಂತೆಯೇ ಇರುತ್ತದೆ. ಇದೇ ತತ್ವದ ಮೇಲೆ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯಡಿ ಲುಡೋವಿಕ್ ಕುರ್ಟೆಸ್ ಅವರು 2012ರಲ್ಲಿ ಆರಂಭಿಸಿದ ಗೀಕ್ಸ್ ಎಂಬುದೂ ಇದೆ. ಅದರಲ್ಲಿ ಹಿಂದಿನ ಸ್ಥಿತಿಗೆ ಹೋಗುವ ಆದೇಶಕ್ಕೆ ಕಾಲಯಂತ್ರವೆಂದೇ ಹೆಸರಿಟ್ಟಿದ್ದಾರೆ, ಮೂಲ ಸಂಕೇತದ ಜಾಲತಾಣ ಮುಚ್ಚಿಹೋಗಿದ್ದರೆ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಸಾರ್ವಜನಿಕ ದಾಸ್ತಾನಿನಿಂದ ಅದನ್ನು ತಂದುಕೊಳ್ಳುವ ಏರ್ಪಾಡೂ ಇದೆ. ಮೂಲ ಸಂಕೇತಗಳನ್ನು ಇಡುತ್ತಿದ್ದ ಗೂಗಲ್ ಕೋಡ್ ತಾಣ 2016ರ ಆರಂಭದಲ್ಲಿ ಮುಚ್ಚಿದಾಗ ಎಷ್ಟು ಕೊಂಡಿಗಳು ಸತ್ತವು ಎಂಬುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ನಮ್ಮ ಹುಡುಗರು ಕೊನೆಗೆ ಮಾಡಿದ್ದು ಇದನ್ನೇ. ಹಳೆಯ ತಂಡ ಕೆಲಸ ಮಾಡಿದ ಕಾಲದ ಸಂಗ್ರಹದ ಸ್ಥಿತಿಯನ್ನು ಊಹಿಸಿ ಬೀಗ ಹಾಕಿ, ಮೂರು ತರಬೇತಿ ಕಡತಗಳಿಗೂ ಮೂರು ಪ್ರತ್ಯೇಕ ಕೋಣೆಗಳನ್ನು ಬರೆದು, ಒಂದೊಂದರಲ್ಲೂ ಅದೇ ಪುಟವನ್ನು ಓದಿಸಿದರು. ಟೆಸರಾಕ್ಟ್ 4ರ ಜೊತೆ ‘ಅತ್ಯುತ್ತಮ’ ಕಡತವನ್ನು ಕೊಟ್ಟಾಗ ಹಳೆಯ ವರದಿಯ ಮಾದರಿ ಪುಟ ಅಕ್ಷರಕ್ಕೆ ಅಕ್ಷರ ಬಂತು. ಹೊಸ ತಂಡ ಇನ್‌ಸ್ಟಾಲ್ ಮಾಡಿದ್ದು ಉಬುಂಟು ಎಂಬ ಲಿನಕ್ಸ್‌ನ ಭಂಡಾರದಲ್ಲಿ ಸಿಗುವ ‘ವೇಗದ’ ಕಡತ. ಎರಡು ತಿಂಗಳ ಗೊಂದಲಕ್ಕೆ ಕಾರಣ ಅಷ್ಟೇ.

ನಿಕ್ಸ್‌ಗೆ ಮಿತಿಗಳಿಲ್ಲವೆಂದು ಹೇಳಿದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. 2014ರಲ್ಲಿ ಪ್ರಕಟವಾದ, ರಸಾಯನಶಾಸ್ತ್ರಜ್ಞರು ವ್ಯಾಪಕವಾಗಿ ಬಳಸುತ್ತಿದ್ದ ಪೈಥಾನ್ ಸ್ಕ್ರಿಪ್ಟ್ ಒಂದು ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿದೆ ಎಂಬುದನ್ನು ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪತ್ತೆ ಮಾಡಿದರು. ಕೋಶದಲ್ಲಿರುವ ಕಡತಗಳು ಹೆಸರಿನ ಕ್ರಮದಲ್ಲೇ ಬರುತ್ತವೆ ಎಂದು ಸ್ಕ್ರಿಪ್ಟ್ ಭಾವಿಸಿತ್ತು, ಆ ಕ್ರಮವನ್ನು ನಿರ್ಧರಿಸುವುದು ಡಿಸ್ಕಿನ ಕಡತವ್ಯವಸ್ಥೆ. ಇಂಥ ದೋಷವನ್ನು ನಿಕ್ಸ್ ಹಿಡಿಯುವುದಿಲ್ಲ, ಏಕೆಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್, ಡಿಸ್ಕ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಇವು ಅದರ ಬೀಗದ ಹೊರಗಿವೆ. ಹಾಗೆಯೇ, ಅದೇ ವಿಧಾನದಿಂದ ಕಟ್ಟಿದ ಮಾತ್ರಕ್ಕೆ ಎರಡು ಯಂತ್ರಗಳಲ್ಲಿನ ಫಲಿತಾಂಶ ಕೊನೆಯ ಬಿಟ್‌ವರೆಗೆ ಒಂದೇ ಆಗಿರುತ್ತದೆ ಎಂದೂ ಹೇಳಲಾಗದು. ಅದನ್ನು ಸಾಧಿಸಲು ಡೆಬಿಯನ್ ಎಂಬ ಲಿನಕ್ಸ್ ಯೋಜನೆಯವರು 2013ರಿಂದ ಬೇರೆಯೇ ಪ್ರಯತ್ನ ನಡೆಸುತ್ತಿದ್ದಾರೆ. ಭದ್ರತೆಯ ವಿಷಯದಲ್ಲೂ ಎಚ್ಚರ ಬೇಕು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ, ಕಡತಗಳ ಗಾತ್ರ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿಟ್ಟಿದ್ದು ಬಯಲಾದಾಗ, ಆ ಆವೃತ್ತಿ ತಮ್ಮಲ್ಲಿ ಇದೆಯೇ ಎಂಬುದನ್ನು ನಿಕ್ಸ್ ಬಳಸುವವರು ತಕ್ಷಣ ಪರಿಶೀಲಿಸಬಹುದಿತ್ತು, ಆದರೆ ಅದರ ಹ್ಯಾಶ್ ಸರಿಯಾಗಿಯೇ ತಾಳೆಯಾಗುತ್ತಿತ್ತು. ಹ್ಯಾಶ್ ಎಂಬುದು ಗುರುತಿನ ಚೀಟಿ, ನಡತೆ ಪ್ರಮಾಣಪತ್ರವಲ್ಲ.

ಕಲಿಯುವ ಕಷ್ಟವೂ ಕಡಿಮೆಯದಲ್ಲ. ನಿಕ್ಸ್‌ಗೆ ತನ್ನದೇ ಭಾಷೆಯಿದೆ, ಅದು ಕೊಡುವ ದೋಷಸಂದೇಶಗಳು ಒಗಟಿನಂತಿರುತ್ತವೆ, ಬೀಗದ ಕಡತವಿರುವ ಹೊಸ ವಿಧಾನವನ್ನು ಅದರ ನಿರ್ಮಾತೃಗಳೇ ಇನ್ನೂ ಪ್ರಾಯೋಗಿಕವೆಂದು ಕರೆಯುತ್ತಾರೆ. ಹಳೆಯದನ್ನು ಅಳಿಸದೆ ಇಟ್ಟುಕೊಳ್ಳುವುದರಿಂದ ಡಿಸ್ಕ್ ಬೇಗ ತುಂಬುತ್ತದೆ, ಆಗಾಗ ಕಸ ಗುಡಿಸುವ ಆದೇಶ ಕೊಡಬೇಕು. ವಿಂಡೋಸ್ ಇರುವ ಪ್ರಯೋಗಾಲಯಗಳಲ್ಲಿ ಅದರೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಮೂಲಕವೇ ಹೋಗಬೇಕು. ನಮ್ಮಂಥ ಊರಿನ ಕಾಲೇಜುಗಳಿಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇಂಟರ್ನೆಟ್. ಅರವತ್ತು ವಿದ್ಯಾರ್ಥಿಗಳು ಏಕಕಾಲಕ್ಕೆ ಹಲವು ಗಿಗಾಬೈಟ್ ಇಳಿಸಿಕೊಳ್ಳಲು ಹೊರಟರೆ ಆ ದಿನದ ಲ್ಯಾಬ್ ಮುಗಿದಂತೆಯೇ. ಇದಕ್ಕೆ ನಾವು ಕಂಡುಕೊಂಡ ಉಪಾಯ ಸುಲಭದ್ದು: ವಿಭಾಗದ ಒಂದು ಹಳೆಯ ಸರ್ವರಿನಲ್ಲಿ ಬೇಕಾದ ಪ್ಯಾಕೇಜುಗಳನ್ನು ಒಮ್ಮೆ ತಂದಿಟ್ಟು, ಉಳಿದ ಯಂತ್ರಗಳು ಕಾಲೇಜಿನೊಳಗಿನ ಜಾಲದಲ್ಲೇ ಅಲ್ಲಿಂದ ಪಡೆಯುವಂತೆ ಮಾಡಿದ್ದೇವೆ. ಪ್ರತಿ ಪ್ಯಾಕೇಜಿನ ಮೇಲೂ ಹೆಸರು ಕೆತ್ತಿರುವುದರಿಂದ ಯಾವುದು ಯಾವುದೆಂಬ ಗೊಂದಲವೇ ಹುಟ್ಟುವುದಿಲ್ಲ.

‘ಕ್ಯಾಂಪಸ್ ಸಂದರ್ಶನದಲ್ಲಿ ಯಾರು ನಿಕ್ಸ್ ಕೇಳುತ್ತಾರೆ?’ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಬಹುಶಃ ಯಾರೂ ಕೇಳುವುದಿಲ್ಲ. ಆದರೆ ಭೌತಶಾಸ್ತ್ರದ ಪ್ರಯೋಗದಲ್ಲಿ ಬಳಸಿದ ಉಪಕರಣಗಳನ್ನೂ ಅವುಗಳ ಅತ್ಯಲ್ಪ ಅಳತೆಯನ್ನೂ ರೆಕಾರ್ಡಿನಲ್ಲಿ ಬರೆಯದ ವಿದ್ಯಾರ್ಥಿಗೆ ಪಿಯುಸಿಯಲ್ಲೇ ಅಂಕ ಕಳೆಯುವ ನಾವು, ತಂತ್ರಾಂಶದ ಪ್ರಯೋಗದಲ್ಲಿ ಮಾತ್ರ ಉಪಕರಣದ ಹೆಸರನ್ನೂ ಕೇಳದೆ ಅಂಕ ಕೊಡುತ್ತಿರುವುದು ಸರಿಯೆಂದು ನನಗೆ ತೋರುವುದಿಲ್ಲ.

ಆದ್ದರಿಂದ ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಿಗೆ ತಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಪ್ರಾಜೆಕ್ಟ್ ಸಲ್ಲಿಸುವಾಗ ವರದಿಯ ಜೊತೆಗೆ ಈ ಎರಡು ಕಡತಗಳೂ, ಮಾದರಿ ಇನ್‌ಪುಟ್ಟೂ, ಅದಕ್ಕೆ ಬರಬೇಕಾದ ಉತ್ತರವೂ ಇರಬೇಕು. ವೈವಾ ದಿನ ವಿದ್ಯಾರ್ಥಿಯ ಲ್ಯಾಪ್‌ಟಾಪನ್ನು ಬದಿಗಿಟ್ಟು, ವಿಭಾಗದ ಬೇರೊಂದು ಯಂತ್ರದಲ್ಲಿ ಒಂದೇ ಆದೇಶದಿಂದ ಅದನ್ನು ಓಡಿಸಿ ತೋರಿಸಬೇಕು. ನಿಕ್ಸೇ ಆಗಬೇಕೆಂಬ ಹಟ ನನಗಿಲ್ಲ, ಗೀಕ್ಸ್ ಆದರೂ ಸರಿ, ಇದೇ ಭರವಸೆ ಕೊಡುವ ಬೇರೆ ಸಾಧನ ಬಂದರೂ ಸರಿ. ಇದಕ್ಕೆ ಒಟ್ಟು ಅಂಕಗಳಲ್ಲಿ ಐದನ್ನು ಮೀಸಲಿಟ್ಟರೆ ಸಾಕು, ನಮ್ಮ ವಿದ್ಯಾರ್ಥಿಗಳು ಐದು ಅಂಕಕ್ಕಾಗಿ ಇದಕ್ಕಿಂತ ಕಷ್ಟದ ಕೆಲಸಗಳನ್ನು ಮಾಡಿದ್ದಾರೆ. ಸಾರ್ವಜನಿಕ ಹಣದಲ್ಲಿ ಕನ್ನಡಕ್ಕಾಗಿ ತಯಾರಾಗುವ ಅಕ್ಷರ ಗುರುತಿಸುವ, ಕಾಗುಣಿತ ತಿದ್ದುವ, ಪಠ್ಯವನ್ನು ಓದಿ ಹೇಳುವ ತಂತ್ರಾಂಶಗಳ ವಿಷಯದಲ್ಲೂ ಇದೇ ಷರತ್ತನ್ನು ಒಪ್ಪಂದದಲ್ಲಿ ಸೇರಿಸಬೇಕು. ಗುತ್ತಿಗೆ ಪಡೆದವರು ಹೋದ ನಂತರವೂ ಅವನ್ನು ಮತ್ತೆ ಕಟ್ಟಲು ಬೇಕಾದದ್ದು ಇಲಾಖೆಯ ಕೈಯಲ್ಲಿ ಉಳಿಯಬೇಕು.

ಮೇಲೆ ಹೇಳಿದ ಟೆಸರಾಕ್ಟ್ ಪ್ರಾಜೆಕ್ಟಿನ ಕಡತಗಳು ಈಗ ಸಿದ್ಧವಾಗಿವೆ. ಹತ್ತಿರದ ಕಾಲೇಜುಗಳ ಅಧ್ಯಾಪಕರು ಒಂದು ಖಾಲಿ ಹಾರ್ಡ್‌ಡಿಸ್ಕ್ ತಂದರೆ, ನಮ್ಮ ಸರ್ವರಿನಲ್ಲಿರುವ ಪ್ಯಾಕೇಜುಗಳ ಸಂಗ್ರಹವನ್ನು ಪೂರ್ತಿಯಾಗಿ ಅದಕ್ಕೆ ನಕಲು ಮಾಡಿಕೊಡಲು ನಮ್ಮ ವಿದ್ಯಾರ್ಥಿಗಳು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಎಂಜಿನಿಯರಿಂಗ್ ಕಾಲೇಜು ಉಪನ್ಯಾಸಕ
ಶಿವಮೊಗ್ಗ ಜಿಲ್ಲೆ